ದಣಿವಿನ ಸುದ್ದಿ

ದಣಿವೇ ಇಲ್ಲದ ಮನುಷ್ಯ ಹೇಗಿರುತ್ತಾನೆ ಎಂಬ ಕುತೂಹಲ ನಿಮಗಿದ್ದರೆ, ಕಲಬುರಗಿಯ ಬಿಸಿಲು ಕೋಣೆಗೆ ಬಂದು ನಮ್ಮನ್ನು ನೋಡಬೇಕಿತ್ತು. ಮೂರು ಬೇಸಿಗೆಗಳ ಕಾಲ ಅಲ್ಲಿ ಯಾರೂ ದಣಿಯಲಿಲ್ಲ. ಆಕಳಿಸಿದವರಿಲ್ಲ, ತಲೆ ಹಿಡಿದುಕೊಂಡು ಕೂತವರಿಲ್ಲ, ‘ಯವ್ವಾ, ಸಾಕಾತು’ ಅಂದವರಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಚಳಿ ಶಿವರಾತ್ರಿಗೆ ಶಿವಶಿವಾ ಎಂದು ಹೋಗುತ್ತಿತ್ತಂತೆ. ನಮ್ಮ ಕಾಲದಲ್ಲಿ ಅದು ಸಂಕ್ರಾಂತಿಯ ಎಳ್ಳು ತಿನ್ನಲೂ ನಿಲ್ಲುವುದಿಲ್ಲ. ಅಲ್ಲಿಂದ ಮೃಗಶಿರಾ ಮಳೆ ಬೀಳುವವರೆಗೂ ಬಿಸಿಲೇ ಬಿಸಿಲು. ಆ ಬಿಸಿಲಿಗೆ ಬಿದ್ದವರನ್ನು ಎತ್ತುವುದು ನಮ್ಮ ಕೆಲಸ.

ಕೆಲಸ ಕೇಳಲು ಸರಳ. ಜಿಲ್ಲೆಯಲ್ಲಿ ಯಾರಿಗಾದರೂ ಬಿಸಿಲು ತಲೆಗೇರಿದರೆ ಫೋನು ನಮಗೆ ಬರುತ್ತದೆ. ನಾವು ವಿಳಾಸ ಒತ್ತಿ ತಂಪುಗಾಡಿ ಕಳಿಸುತ್ತೇವೆ. ಗಾಡಿಯಲ್ಲಿ ಮಂಜುಗಡ್ಡೆಯ ತೊಟ್ಟಿ ಇರುತ್ತದೆ, ಬಿದ್ದವನನ್ನು ಅದರಲ್ಲಿ ಮಲಗಿಸಿ ಮೈ ತಣಿಸುತ್ತಾರೆ. ಗಾಡಿ ಮುಟ್ಟುವತನಕ ಮನೆಯವರಿಗೆ ಏನು ಮಾಡಬೇಕೆಂದು ಹೇಳುತ್ತ ಫೋನಿನಲ್ಲೇ ಇರಬೇಕು. ಮಿದುಳು ಕಾದಾಗ ಮನುಷ್ಯ ಮೊದಲು ಮರೆಯುವುದು ತನ್ನ ಹೆಸರನ್ನು. ಹಾಗಾಗಿ ಕೋಣೆಯಲ್ಲಿ ಎಲ್ಲೂ ಬರೆಯದ ಒಂದು ಪದ್ಧತಿ ಬೆಳೆದಿತ್ತು: ತೊಟ್ಟಿಯಲ್ಲಿ ಮಲಗಿದವನು ತನ್ನ ಬಾಯಿಂದ ತನ್ನ ಹೆಸರು ಹೇಳುವತನಕ, ಫೋನು ಎತ್ತಿದವಳು ಕುರ್ಚಿ ಬಿಡುವಂತಿಲ್ಲ. ನೀರಡಿಸಲಿ, ಕಾಲು ಜೋಮು ಹಿಡಿಯಲಿ, ಏಳುವಂತಿಲ್ಲ. ಯಾರಾದರೂ ಎದ್ದಿದ್ದರೆ ಅವಳನ್ನು ನಾವು ಮತ್ತೆ ಮಾತಾಡಿಸುತ್ತಿರಲಿಲ್ಲ.

ನಾನು ರೇವಮ್ಮ. ಹದಿನಾಲ್ಕು ಕುರ್ಚಿಗಳಲ್ಲಿ ಗೋಡೆ ಪಕ್ಕದ್ದು ನನ್ನದು, ನನ್ನ ಪಕ್ಕದ್ದು ಜಗದೇವಿಯದು. ಈ ಕಥೆಯೂ ಅವಳದೇ. ನಾವಿಬ್ಬರೂ ಶಹಾಬಜಾರಿನ ಒಂದೇ ಓಣಿಯವರು. ಹದಿನಾಲ್ಕೂ ಜನ ಹೆಂಗಸರು, ಯಾಕೆಂದರೆ ಹೆಂಗಸರ ದನಿ ಶಾಂತವಾಗಿರುತ್ತದೆ ಎಂದು ಮೇಲಿನವರು ತೀರ್ಮಾನಿಸಿದ್ದರು. ಹಾಗೆ ತೀರ್ಮಾನಿಸಿದವರು ನಮ್ಮ ಮನೆಗೆ ಬಂದು ನಮ್ಮ ದನಿ ಕೇಳಿರಲಿಲ್ಲ.

ಕೋಣೆ ತೆರೆದ ವರ್ಷ ಬೇಸಿಗೆಯಲ್ಲೇ ಅರ್ಧ ಕುರ್ಚಿಗಳು ಖಾಲಿಯಾದವು. ದಿನವಿಡೀ ಸಾಯುವವರ ಏದುಸಿರು ಕೇಳಿಸಿಕೊಂಡವರು ಮನೆಗೆ ಹೋಗಿ ನಿದ್ದೆ ಮಾಡಲಾರದೆ, ಊಟ ಸೇರದೆ, ಎರಡೇ ತಿಂಗಳಿಗೆ ಕೆಲಸ ಬಿಟ್ಟರು. ಮರುವರ್ಷ ಹೊಸಬರು ಬಂದು ಕುರ್ಚಿಗಳು ತುಂಬಿದವು, ಅವರ ಜೊತೆಗೇ ಬಂದದ್ದು ಬಿಲ್ಲೆ. ಹಳೆಯ ಎಂಟಾಣೆಯಷ್ಟು ಅಗಲದ್ದು, ಕಿವಿಯ ಹಿಂದೆ ಅಂಟಿಸಿಕೊಳ್ಳುವುದು. ನಮ್ಮ ಹೃದಯ, ಸ್ನಾಯು, ಕರುಳು ಎಲ್ಲವೂ ಒಂದು ನರದ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವಂತೆ: ಸಾಕು, ಸೋತೆ, ಕೂಡು, ಮಲಗು. ಬಿಲ್ಲೆ ಸಣ್ಣ ವಿದ್ಯುತ್ತಿನ ಮಿಡಿತದಿಂದ ಆ ಸುದ್ದಿಯನ್ನು ಕಲಸಿಬಿಡುತ್ತದೆ. ಅದನ್ನು ಮಾಡಿದ ಡಾಕ್ಟರ್ ಅನೀಸ್ ಫಾತಿಮಾ ನಮಗೆ ಮೊದಲ ದಿನವೇ ತಿಳಿಸಿ ಹೇಳಿದ್ದರು. ಬಿಲ್ಲೆಯಿಂದ ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ಬರುವುದು ನಿಲ್ಲುತ್ತದೆ ಅಷ್ಟೇ. ಪಾಳಿ ಮುಗಿದೊಡನೆ ಕಿತ್ತಿಡಿ, ಆಗ ಸುದ್ದಿ ಬರುತ್ತದೆ, ಬರಲಿ, ಮಲಗಿ ಎದ್ದರೆ ಸರಿಹೋಗುತ್ತದೆ ಎಂದಿದ್ದರು.

ನಾನು ಮೊದಲ ದಿನ ಹೇಳಿದ ಹಾಗೆಯೇ ಮಾಡಿದೆ. ಮನೆಯ ಹೊಸ್ತಿಲಲ್ಲಿ ಬಿಲ್ಲೆ ಕಿತ್ತೆ, ಹೊಸ್ತಿಲ ಮೇಲೇ ಕೂತೆ, ಎದ್ದು ಒಳಗೆ ಹೋಗಲು ಆಗಲಿಲ್ಲ. ಒಳಗೆ ಒಲೆ ಕಾಯುತ್ತಿತ್ತು, ಮಕ್ಕಳು ಹಸಿದಿದ್ದರು, ನಳ ಬರುವ ಹೊತ್ತಾಗಿತ್ತು. ಮಲಗಿ ಎದ್ದರೆ ಸರಿಹೋಗುತ್ತದೆ, ನಿಜ. ಆದರೆ ಮಲಗುವುದು ಯಾವಾಗ? ಬಿಲ್ಲೆ ಮತ್ತೆ ಅಂಟಿಸಿಕೊಂಡೆ, ಎದ್ದೆ, ಅಡಿಗೆ ಮಾಡಿದೆ. ಹದಿನಾಲ್ಕು ಮನೆಗಳಲ್ಲೂ ಇದೇ ಆಯಿತು, ಮಳೆಗಾಲ ಬಂದರೂ ಬಿಲ್ಲೆ ಕಿವಿ ಬಿಡಲಿಲ್ಲ. ರವಿವಾರವಂತೂ ಬಿಲ್ಲೆಯ ಜಾತ್ರೆ. ನಮ್ಮ ಕಡೆ ವಾರಕ್ಕಾಗುವಷ್ಟು ಕಟಕ ರೊಟ್ಟಿಯನ್ನು ರವಿವಾರವೇ ಬಡಿದು ಒಣಗಿಸಿ ಒಟ್ಟುತ್ತೇವಲ್ಲ, ಬಿಲ್ಲೆ ಇದ್ದರೆ ಸೊಂಟ ನೋಯದೆ ಗೋಪುರದಷ್ಟು ರೊಟ್ಟಿ ಆಗುತ್ತಿತ್ತು. ಜಗದೇವಿಯ ಅತ್ತೆ ಕಾಶಿಬಾಯಿ ಓಣಿಯೆಲ್ಲ ಹೇಳಿಕೊಂಡು ಬಂದಳು, ನೌಕರಿಗೆ ಹೋದ ಮೇಲೆ ನಮ್ಮ ಸೊಸೆಗೆ ಶಕ್ತಿ ಬಂದಿದೆ ಎಂದು.

ಬಿಲ್ಲೆ ಬಂದ ಮೂರನೇ ಬೇಸಿಗೆಯಲ್ಲಿ, ಯುಗಾದಿಯ ಮರುವಾರ ಅದು ನಡೆಯಿತು. ಮಧ್ಯಾಹ್ನ, ಎಲ್ಲ ಫೋನೂ ಒಟ್ಟಿಗೆ ಹೊಡೆಯುವ ಹೊತ್ತು. ಬ್ರಹ್ಮಪುರದ ಒಬ್ಬ ಬಳೆಗಾರ ಅಂಗಡಿಯಲ್ಲೇ ಬಿದ್ದಿದ್ದ, ಅವನ ತಮ್ಮ ಫೋನು ಮಾಡಿದ್ದ. ಜಗದೇವಿ ಎಂದಿನಂತೆ ಮಾತಾಡುತ್ತಿದ್ದಳು: ನೆರಳಿಗೆ ಎಳೀರಿ, ಅಂಗಿ ಬಿಚ್ಚರಿ, ಕುತ್ತಿಗೆಗೆ ಒದ್ದಿ ಬಟ್ಟಿ ಹಾಕರಿ. ಕೋಣೆಯಲ್ಲಿ ಅವಳಷ್ಟು ಚಂದ ಮಾತಾಡುವವರು ಯಾರೂ ಇರಲಿಲ್ಲ. ನಾನು ನನ್ನ ಪರದೆಯಲ್ಲಿ ಬೇರೆ ಗಾಡಿ ಹುಡುಕುತ್ತಿದ್ದೆ, ಅಷ್ಟರಲ್ಲಿ ಒಂದು ತಂಪುಗಾಡಿ ಶಹಾಬಜಾರಿನ ನಮ್ಮ ಓಣಿಗೆ ತಿರುಗಿದ್ದು ಕಾಣಿಸಿತು. ನಮ್ಮ ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ನೋಡಿದರೆ ಗಾಡಿ ನಮ್ಮ ಮನೆ ದಾಟಿ ಜಗದೇವಿಯ ಮನೆಯ ಮುಂದೆ ನಿಂತಿತು. ಅವಳ ಪರದೆ ನೋಡಿದೆ. ಬಾಯಲ್ಲಿ ಬ್ರಹ್ಮಪುರ ಎನ್ನುತ್ತಲೇ ಅವಳ ಕೈ ತನ್ನದೇ ಮನೆಯ ವಿಳಾಸ ಒತ್ತಿತ್ತು.

ನಾನು ಇನ್ನೊಂದು ಗಾಡಿ ಕಳಿಸಿದೆ. ಬಳೆಗಾರ ಬದುಕಿದ. ಆದರೆ ತಡವಾದ್ದಕ್ಕೆ ಅವನ ಮಾತು ತಿಂಗಳವರೆಗೂ ತೊದಲುತ್ತಿತ್ತು.

ಆ ಕಡೆ ಜಗದೇವಿಯ ಮನೆಯಲ್ಲಿ ಅವಳ ಗಂಡ ಸೂರ್ಯಕಾಂತ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಅವನು ದರ್ಜಿ, ಮನೆಯಲ್ಲೇ ಅಂಗಡಿ. ಗಾಡಿಯ ಹುಡುಗರು ಒಳಗೆ ನುಗ್ಗಿ ನಿನ್ನ ಹೆಸರೇನು ಎಂದು ಕೇಳಿದರೆ ಅವನಿಗೆ ಸಿಟ್ಟು ಬಂತು. ಹೊರಗೆ ಬೋರ್ಡಿನ ಮೇಲೆ ಬರೆದಿದೆ, ಓದಲು ಬರುವುದಿಲ್ಲವೇ ಎಂದು ಕೂಗಾಡಿದ. ಹೆಸರು ಹೇಳದಿರುವುದು, ಕಾರಣವಿಲ್ಲದೆ ಸಿಟ್ಟಾಗುವುದು, ಎರಡೂ ಬಿಸಿಲು ತಲೆಗೇರಿದ ಲಕ್ಷಣ ಎಂದು ಆ ಹುಡುಗರಿಗೆ ಕಲಿಸಿದ್ದೇ ನಾವು. ಅವನನ್ನು ಅನಾಮತ್ತಾಗಿ ಎತ್ತಿ ತೊಟ್ಟಿಯಲ್ಲಿ ಮಲಗಿಸಿಬಿಟ್ಟರು. ಕತ್ತರಿ ಇನ್ನೂ ಅವನ ಕೈಯಲ್ಲೇ ಇತ್ತಂತೆ. ಈಗ ಹೇಳುವಾಗ ನಗು ಬರುತ್ತದೆ, ಅವತ್ತು ಯಾರೂ ನಗಲಿಲ್ಲ.

ಜಗದೇವಿಗೆ ಅವಳ ಕರೆಯ ಧ್ವನಿಮುದ್ರಣ ಕೇಳಿಸಿ, ಪರದೆ ತೋರಿಸಿದರು. ಅವಳು ಮೂರು ಸಲ ಕೇಳಿದಳು, ಮೂರು ಸಲ ನೋಡಿದಳು. ನಾನು ದಣಿದಿಲ್ಲ, ನನಗೇನೂ ಆಗಿಲ್ಲ ಎಂದು ಎಲ್ಲರ ಮುಖ ನೋಡುತ್ತ ಹೇಳಿದಳು. ನನಗೆ ಭಯವಾದದ್ದು ಆ ಮಾತಿಗೇ. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಮರುದಿನದಿಂದ ಡಾಕ್ಟರ್ ಅನೀಸ್ ತಮ್ಮ ಪ್ರಯೋಗಾಲಯಕ್ಕೆ ನಮ್ಮನ್ನು ಸರದಿಯಂತೆ ಕರೆಸಿದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಉಗುಳು ಹಿಡಿದರು, ರಕ್ತ ತೆಗೆದರು. ಆಮೇಲೆ ಒಂದು ಸಂಜೆ, ಪಾಳಿ ಮುಗಿದ ಮೇಲೆ, ಎಲ್ಲರನ್ನೂ ಕೂರಿಸಿ ಗೋಡೆಯ ಪರದೆಯಲ್ಲಿ ಗೆರೆಗಳನ್ನು ತೋರಿಸಿದರು. ಕಾರ್ಟಿಸಾಲ್ ಎಂಬ ರಸ ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತದಂತೆ, ಅದು ಮುಂಜಾನೆ ಏರಿ ರಾತ್ರಿ ಇಳಿಯಬೇಕು. ಆಪತ್ತು ಬಂದಾಗ ಸರ್ರನೆ ಏರಿ ಮತ್ತೆ ಇಳಿಯಬೇಕು. ಆಪತ್ತು ವರ್ಷಗಟ್ಟಲೆ ಮುಗಿಯದಿದ್ದರೆ, ರಸ ಕಳಿಸುವ ಗ್ರಂಥಿಗೂ ಆಜ್ಞೆ ಕೊಡುವ ಮಿದುಳಿಗೂ ತಾಳ ತಪ್ಪುತ್ತದೆ, ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಜಗದೇವಿಯ ಗೆರೆ ನಮ್ಮ ಜೋಳದ ಹೊಲದಷ್ಟು ಸಪಾಟಾಗಿತ್ತು. ನಮ್ಮವೂ ಅದೇ ದಾರಿಯಲ್ಲಿದ್ದವು, ಒಂದೆರಡು ಹೆಜ್ಜೆ ಹಿಂದೆ.

ಡಾಕ್ಟರಿಗೆ ಅರ್ಥವಾಗದಿದ್ದದ್ದು ಒಂದೇ. ಪಾಳಿ ಮುಗಿದ ಮೇಲೆ ಇಡೀ ರಾತ್ರಿ ವಿಶ್ರಾಂತಿ ಇದ್ದರೂ ಹೀಗೇಕಾಯಿತು ಎಂದು ಕೇಳಿದರು. ನಾವೆಲ್ಲ ನೆಲ ನೋಡಿದೆವು. ಕೊನೆಗೆ ನಾನೇ ರೊಟ್ಟಿಯ ವಿಷಯ ಹೇಳಿದೆ. ಅವರು ತಮ್ಮ ಹಣೆ ತಾವೇ ಬಡಿದುಕೊಂಡರು.

“ಮನಿಗೆ ಹೋದ ತಾಸೆಲ್ಲಾ ವಿಶ್ರಾಂತಿ ಅಂತ ಲೆಕ್ಕ ಹಾಕಿದಾಕಿ ನಾನೇ. ನಮ್ಮ ಮನ್ಯಾಗೂ ಹೊತ್ತು ಹೊಂಟ್ರ ಒಲಿ ಮುಂದ ನಿಲ್ಲಾಕಿ ನಾನೇ. ಆದ್ರೂ ನಾ ಹಂಗ್ಯಾಕ ಬರದೆ?”

ಹಾಗೆಂದು ಗೋಡೆಯ ಪರದೆ ಆರಿಸಿ, ನಮ್ಮನ್ನು ಅಧಿಕಾರಿಯ ಹತ್ತಿರ ಕರೆದುಕೊಂಡು ಹೋದರು.

ಕೋಣೆಯ ಅಧಿಕಾರಿ ಚಂದ್ರಶೇಖರ ಕೋರೆ. ಕೆಟ್ಟ ಮನುಷ್ಯನಲ್ಲ, ಆದರೆ ಅವರ ತಲೆಯಲ್ಲಿ ಎರಡೇ ಅಂಕಿ ಇರುತ್ತಿದ್ದವು: ಬಂದ ಕರೆ, ಬದುಕಿದ ಜನ. ಇವರ ಬಿಲ್ಲೆ ತೆಗೆಸಿ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದಾಗ, ಹದಿನಾಲ್ಕು ಜನರನ್ನು ಮನೆಗೆ ಕಳಿಸಿದರೆ ಫೋನು ಯಾರು ಎತ್ತುತ್ತಾರೆ ಎಂದು ಕೇಳಿದರು. ಹೊಸಬರನ್ನು ತಯಾರು ಮಾಡಲು ಒಂದು ಚಳಿಗಾಲವೇ ಬೇಕು. ಅದಕ್ಕೆ ಅವರು ಹೆಚ್ಚು ಬಲದ ಬಿಲ್ಲೆಗಳನ್ನು ತರಿಸಿದ್ದರು, ಡಬ್ಬಿಗಳು ಆಗಲೇ ಬಂದು ಉಗ್ರಾಣದಲ್ಲಿದ್ದವು. ಮೃಗಶಿರಾ ಮಳೆಯತನಕ ದಾಟಿಸಿದರೆ ಸಾಕು, ಆಮೇಲೆ ಎಲ್ಲರಿಗೂ ರಜೆ ಎಂದರು. ಡಾಕ್ಟರು ಅದಕ್ಕೆ ನಾನು ಸಹಿ ಹಾಕುವುದಿಲ್ಲ, ಇವರು ಮಳೆ ನೋಡುವ ಮೊದಲೇ ಬೀಳುತ್ತಾರೆ ಎಂದರು. ಬಿಲ್ಲೆ ತೆಗೆದರೆ ಮತ್ತೆ ಕುರ್ಚಿಗೆ ಬರುತ್ತಾರೆಂದು ಬರೆದುಕೊಡುತ್ತೀರಾ ಎಂದು ಕೋರೆ ಕೇಳಿದರು. ಡಾಕ್ಟರು ಪ್ರಾಮಾಣಿಕರು, ಬರೆದುಕೊಡಲಾರೆ ಎಂದರು. ಮೂರು ವರ್ಷ ತಡೆಹಿಡಿದ ದಣಿವನ್ನು ಯಾರೂ ಎಂದೂ ಬಿಚ್ಚಿ ನೋಡಿರಲಿಲ್ಲ.

ಆಗ ಜಗದೇವಿ ಎದ್ದು ನಿಂತಳು. ಕಿವಿಯ ಹಿಂದಿನ ಬಿಲ್ಲೆ ಕಿತ್ತು ಕೋರೆಯವರ ಮೇಜಿನ ಮೇಲೆ ಇಟ್ಟಳು.

“ರೋಹಿಣಿ ಮಳಿ ಕೂಡೂದ್ರೊಳಗ ಇದು ಇಲ್ಲದೇ ನಾ ಬಂದು ಕುರ್ಚಿ ಮ್ಯಾಲ ಕುಂಡ್ರತೀನ್ರಿ. ನಾ ಬಂದ್ರ ಆ ಡಬ್ಬಿ ಬಿಚ್ಚಬ್ಯಾಡ್ರಿ. ಬರ್ಲಿಲ್ಲಂದ್ರ ನಿಮ್ಮ ಮನಸಿಗೆ ಬಂದಂಗ ಮಾಡ್ರಿ.”

ರೋಹಿಣಿ ಎಂದರೆ ಮೃಗಶಿರಾಕ್ಕಿಂತ ಮುಂಚಿನ ಮಳೆ, ಅದಕ್ಕೆ ಎರಡು ತಿಂಗಳೂ ಇರಲಿಲ್ಲ. ಕೋರೆ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ, ಅವಳ ಕೈಗೆ ಈಗ ವಿಳಾಸ ಒಪ್ಪಿಸುವಂತೆಯೂ ಇರಲಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಕುಸಿದು ಕೂತಳು. ನಾನೂ ಡಾಕ್ಟರೂ ಹಿಡಿದುಕೊಂಡು ಆಟೋದಲ್ಲಿ ಮಲಗಿಸಿ ಮನೆಗೆ ತಂದೆವು.

ಅವಳ ಫೋನುಗಳೂ ನನ್ನ ಪಾಲಿಗೆ ಬಂದವು. ನಿಜ ಹೇಳುತ್ತೇನೆ, ಮೊದಲ ವಾರ ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟಿತ್ತು. ಎರಡು ಕುರ್ಚಿಯ ಕೆಲಸ ನಾನು ಮಾಡಬೇಕು, ಅವಳು ಹಾಸಿಗೆಯಲ್ಲಿ ಬಿದ್ದಿರಬೇಕು. ಆದರೂ ಪಾಳಿ ಮುಗಿಸಿ ದಿನವೂ ಅವಳ ಮನೆಗೆ ಹೋಗುತ್ತಿದ್ದೆ. ಹೋಗಿ ನೋಡಿದರೆ ಸಿಟ್ಟು ನಿಲ್ಲುತ್ತಿರಲಿಲ್ಲ. ಮದುವೆಗೆ ಬಾರದ ನೆಂಟರೆಲ್ಲ ಒಂದೇ ಬಸ್ಸಿನಲ್ಲಿ ಬಂದಿಳಿದ ಹಾಗೆ ಮೂರು ವರ್ಷದ ದಣಿವು ಅವಳ ಮೈಮೇಲೆ ಬಂದಿಳಿದಿತ್ತು. ಮೊದಲ ದಿನಗಳಲ್ಲಿ ಬರೀ ನಿದ್ದೆ. ಎದ್ದರೆ ಎಲುಬೆಲ್ಲ ನೋವು. ಚಮಚ ಭಾರವಾಗುತ್ತದೆ ಎಂದು ಅಳುತ್ತಿದ್ದಳು. ಅವಳ ಅತ್ತೆ ಕಾಶಿಬಾಯಿ ಇದು ದೃಷ್ಟಿಯೇ ಇರಬೇಕೆಂದು ಮೆಣಸಿನಕಾಯಿ ನಿವಾಳಿಸಿದಳು. ಘಾಟು ಬಂತು, ದಣಿವು ಹೋಗಲಿಲ್ಲ.

ಒಂದು ಸಂಜೆ ಜಗದೇವಿ ನನ್ನ ಕೈ ಹಿಡಿದುಕೊಂಡು ಅಳುತ್ತ ಕೇಳಿದಳು. ನಿದ್ದೆ ಮಾಡಿದಷ್ಟೂ ಆಯಾಸ ಹೆಚ್ಚಾಗುತ್ತಿದೆ, ಇದು ಮುಗಿಯದೇ ಹೋದರೆ ಏನು ಮಾಡಲಿ ಎಂದಳು. ಬಿಲ್ಲೆ ಹಾಕಿಕೊಂಡ ನನಗೆ ಅವಳ ಅಳು ಕೂಡ ಗಾಜಿನ ಆಚೆಯಿಂದ ಕೇಳಿದ ಹಾಗಿತ್ತು. ಅದು ನನಗೆ ಗೊತ್ತಾಯಿತು, ಗೊತ್ತಾಗಿ ಕೆಟ್ಟೆನಿಸಿತು.

ಡಾಕ್ಟರ್ ಅನೀಸ್ ಒಂದು ದಿನ ಬಿಟ್ಟು ಒಂದು ದಿನ ಬಂದು ಉಗುಳು ತೆಗೆದುಕೊಂಡು ಹೋಗುತ್ತಿದ್ದರು. ಅವರು ಹೇಳಿದ ಔಷಧ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ದಿನವೂ ಒಂದೇ ಹೊತ್ತಿಗೆ ಏಳಬೇಕು, ನಿದ್ದೆ ಬರಲಿ ಬಿಡಲಿ. ಎದ್ದೊಡನೆ ಬಿಸಿಲು ಚುರುಗುಟ್ಟುವ ಮುಂಚೆ ಮಾಳಿಗೆ ಮೇಲೆ ಬೆಳಕಿನಲ್ಲಿ ಕೂಡಬೇಕು. ಮಿದುಳಿಗೆ ಇದು ಬೆಳಗು, ಇದು ರಾತ್ರಿ ಎಂದು ಮತ್ತೆ ಕಲಿಸಬೇಕಂತೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಓಣಿಯ ಬೇವಿನ ಮರದವರೆಗೆ ನಡೆದು ಬರಬೇಕು, ಚಂದ ಅನಿಸಿದರೂ ಮುಂದೆ ಹೋಗಬಾರದು. ಮುಖ್ಯವಾಗಿ, ಮೈಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಇರುವಾಗಲೇ ಕೆಲಸ ನಿಲ್ಲಿಸಬೇಕು. ಮುಗಿಯುವತನಕ ಮಾಡಿ ಆಮೇಲೆ ಮಲಗುವುದಲ್ಲ, ಮುಗಿಯುವ ಮೊದಲೇ ಮಲಗುವುದು. ಇದು ಕೇಳಿ ಕಾಶಿಬಾಯಿಗೆ ಸಿಟ್ಟು ಬಂತು. ಅರ್ಧ ಕಸ ಗುಡಿಸಿ ಪೊರಕೆ ಬಿಟ್ಟು ಮಲಗು ಎಂದು ಹೇಳುವ ಡಾಕ್ಟರನ್ನು ಅವಳು ಕಂಡಿರಲಿಲ್ಲ.

ನಿಧಾನವಾಗಿ ಜಗದೇವಿ ಕೂತು ಮಾತಾಡುವಂತಾದಳು. ಒಂದು ರವಿವಾರ ಎದ್ದಾಗ ಮೈ ಹಗುರಾಗಿತ್ತು. ಅಷ್ಟೇ ಸಾಕಾಯಿತು ನೋಡಿ. ಗಂಡ ಬಜಾರಕ್ಕೆ ಹೋದಾಗ ಹಿಟ್ಟು ನಾದಿ, ಹಂಚು ಇಟ್ಟು, ವಾರದ ರೊಟ್ಟಿ ಪೂರಾ ಬಡಿದಿಟ್ಟಳು. ಅತ್ತೆಗೆ ಖುಷಿ, ಅವಳಿಗೂ ಖುಷಿ. ಸೋಮವಾರ ಏಳಲಿಲ್ಲ. ಮಂಗಳವಾರವೂ ಏಳಲಿಲ್ಲ. ಡಾಕ್ಟರು ಬಂದು ನೋಡಿದರೆ ಏರತೊಡಗಿದ್ದ ಗೆರೆ ಮತ್ತೆ ಸಪಾಟಾಗಿತ್ತು. ರೋಹಿಣಿ ಹತ್ತಿರ ಬರುತ್ತಿತ್ತು. ಉಗ್ರಾಣದ ಡಬ್ಬಿಗಳು ನನಗೆ ನೆನಪಾದವು.

ಅವತ್ತು ಸೂರ್ಯಕಾಂತ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಎದ್ದು ಬಂದ. ಹಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮಂಜಿನ ತೊಟ್ಟಿಯಲ್ಲಿ ಮಲಗಿದ ದಿನದಿಂದ ಅವನು ಹೆಚ್ಚು ಮಾತಾಡುತ್ತಿರಲಿಲ್ಲ.

“ಆಕಿ ಕೈ ಆ ಗಾಡಿ ನಮ್ಮ ಮನಿಗೇ ಕಳಿಸ್ಯದ. ಅದು ತಪ್ಪಿ ಬಂದಿಲ್ಲವ್ವಾ, ಸರಿಯಾಗೇ ಬಂದಿತ್ತು. ಬಿದ್ದಾಕಿ ಈ ಮನ್ಯಾಗೇ ಇದ್ಲು, ನನಗ ತಿಳೀಲಿಲ್ಲ” ಎಂದು ತಾಯಿಗೆ ಹೇಳಿ ಹಿಟ್ಟಿಗೆ ಕೈಹಾಕಿದ.

ಅವನ ಮೊದಲ ರೊಟ್ಟಿ ಅಂಗಿಯ ಕಾಲರಿನ ಹಾಗಿತ್ತು, ಎರಡನೆಯದಕ್ಕೆ ತೋಳು ಬಂದಿದ್ದವು. ನಾನು ಗುಂಡಿ ಯಾವಾಗ ಹಚ್ಚುತ್ತೀ ಎಂದು ಕೇಳಿದೆ. ಕಾಶಿಬಾಯಿ ಮಗ ಒಲೆ ಮುಂದೆ ಕೂತದ್ದನ್ನು ನೋಡಲಾರದೆ ಗೋಡೆ ಕಡೆ ತಿರುಗಿ ಕೂತಿದ್ದಳು. ನಾಲ್ಕೈದು ರೊಟ್ಟಿ ಹರಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ನೀರು ಕುದಿಯಬೇಕು, ಉಗುರು ಬೆಚ್ಚಗಿನ ನೀರಿಗೆ ಜೋಳದ ಹಿಟ್ಟು ಕೂಡುವುದಿಲ್ಲ ಎಂದು ಗೋಡೆಗೇ ಹೇಳಿದಳು. ಒಳಗಿನ ಹಾಸಿಗೆಯಿಂದ ಜಗದೇವಿ ನಕ್ಕದ್ದು ಕೇಳಿಸಿತು. ಮೂರು ವರ್ಷದಲ್ಲಿ ಅವಳ ಆ ನಗು ನಾನು ಕೇಳಿರಲಿಲ್ಲ, ಮತ್ತು ಕೇಳಿರಲಿಲ್ಲ ಎಂಬುದೂ ನನಗೆ ಆಗಲೇ ಹೊಳೆಯಿತು.

ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಹದಿನಾಲ್ಕೂ ಮನೆಗಳ ಗಂಡಸರನ್ನು ಕೋಣೆಗೆ ಕರೆಸಿ ಒಂದು ಮಧ್ಯಾಹ್ನ ನಮ್ಮ ಕುರ್ಚಿಗಳ ಹಿಂದೆ ನಿಲ್ಲಿಸಿ ಕರೆಗಳನ್ನು ಕೇಳಿಸಿದರು. ನನ್ನ ಗಂಡ ಎರಡನೇ ಕರೆಗೇ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಮನೆಗೆ ಬಂದು ನಳಕ್ಕೆ ಕೊಡ ಅವನೇ ಇಟ್ಟ. ಎಲ್ಲರೂ ಬದಲಾದರು ಎಂದು ನಾನು ಹೇಳುವುದಿಲ್ಲ. ಇಬ್ಬರ ಮನೆಯಲ್ಲಿ ಜಗಳವೇ ಆಯಿತು.

ಸೂರ್ಯಕಾಂತ ಒಲೆ ಬಿಡಲಿಲ್ಲ, ಜಗದೇವಿಯ ಗೆರೆ ಮತ್ತೆ ಏರಿತು, ರೋಹಿಣಿಯ ಹಿಂದಿನ ದಿನ ಅವಳು ನಡೆದುಕೊಂಡೇ ಕೋಣೆಗೆ ಬಂದಳು. ತೆಳ್ಳಗಾಗಿದ್ದಳು, ಕಣ್ಣು ಮಾತ್ರ ಸ್ವಚ್ಛವಾಗಿದ್ದವು. ಡಾಕ್ಟರು ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಮಂಚ ಹಾಕಿಸಿ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಸಿದ್ದರು. ಕಟ್ಟಳೆ ಒಂದೇ: ದಣಿವು ಗೊತ್ತಾದ ಕ್ಷಣ ಬಾಯಿಬಿಟ್ಟು ಹೇಳಿ ಏಳಬೇಕು. ಅದು ಹೆಸರು ಹೇಳಿಸುವ ನಮ್ಮ ಪದ್ಧತಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು, ಜಗದೇವಿಗೂ ಗೊತ್ತಿತ್ತು. ಏಳುವ ಪ್ರಸಂಗ ಬರದಿರಲಿ ಎಂದು ನಾನು ಬೇಡಿಕೊಂಡೆ. ಕೋರೆಯವರು ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು.

ಮೊದಲ ಮೂರು ಕರೆ ಸಲೀಸಾಗಿ ಹೋದವು. ನಾಲ್ಕನೆಯದು ಶಹಾಬಾದಿನ ಕಲ್ಲಿನ ಗಣಿಯಿಂದ. ಕಲ್ಲು ಒಡೆಯುತ್ತಿದ್ದವನು ಬಿದ್ದಿದ್ದ, ಹೆಂಡತಿ ಫೋನು ಹಿಡಿದು ಅಳುತ್ತಿದ್ದಳು. ಜಗದೇವಿ ಗಾಡಿ ಕಳಿಸಿದಳು. ವಿಳಾಸ ನಾನು ನೋಡಿದೆ, ಕೋರೆಯವರೂ ಬಗ್ಗಿ ನೋಡಿದರು, ಸರಿಯಾಗಿತ್ತು. ಅಳುತ್ತಿದ್ದವಳನ್ನು ಮಾತಲ್ಲೇ ಹಿಡಿದು ನಿಲ್ಲಿಸಿ ಅವನನ್ನು ನೆರಳಿಗೆ ಎಳೆಸಿದಳು, ಹಣೆಗೆ, ಕಂಕುಳಿಗೆ ಒದ್ದೆ ಬಟ್ಟೆ ಹಾಕಿಸಿದಳು. ಅವನು ಅರೆಗಣ್ಣು ಬಿಟ್ಟು ಏನೋ ಬಡಬಡಿಸುತ್ತಿದ್ದ, ಹೆಸರು ಬರುತ್ತಿರಲಿಲ್ಲ. ಗಾಡಿ ಇನ್ನೂ ದಾರಿಯಲ್ಲಿತ್ತು.

ಆಗ ಮೇಜಿನ ಮೇಲೆ ಆಡುತ್ತಿದ್ದ ಅವಳ ಬೆರಳು ನಿಂತದ್ದು ಕಂಡೆ, ದಣಿವು ಬಂದಿತ್ತು. ಹಲ್ಲು ಕಚ್ಚಿ ಕೂತರೆ ಇನ್ನು ಸ್ವಲ್ಪ ಹೊತ್ತು, ಕೋರೆಯವರ ಮುಂದೆ ಗೆದ್ದ ಹಾಗೆ. ಎದ್ದರೆ, ಕೋಣೆ ಮೂರು ವರ್ಷದಲ್ಲಿ ಒಮ್ಮೆಯೂ ಮಾಡದ್ದನ್ನು ಮಾಡಿದ ಹಾಗೆ. ನಾನು ಮನಸ್ಸಿನಲ್ಲೇ ಅವಳಿಗೆ ಕೂಡು, ಕೂಡು ಎನ್ನುತ್ತಿದ್ದೆ.

ಅವಳು ಹೆಡ್‌ಫೋನು ತೆಗೆದು ನನ್ನ ಕಡೆ ಚಾಚಿದಳು.

“ನಾ ದಣದೀನಿ, ರೇವಮ್ಮ. ನೀ ತಗೊ.”

ದನಿ ದೊಡ್ಡದೇನಲ್ಲ, ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ತಲೆಗಳೆಲ್ಲ ತಿರುಗಿದವು. ನನ್ನ ಕೈ ತಾನಾಗಿ ಮುಂದೆ ಹೋಗಿ ಹೆಡ್‌ಫೋನು ತೆಗೆದುಕೊಂಡಿತು. ಅವಳು ಎದ್ದು, ಮೇಜು ಹಿಡಿದುಕೊಳ್ಳುತ್ತ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಗಣಿಯವಳಿಗೆ ನಾನು ರೇವಮ್ಮ, ಇಲ್ಲೇ ಇದ್ದೇನೆ ಎಂದು ಹೇಳಿ ಒದ್ದೆ ಬಟ್ಟೆ ಬದಲಿಸಲು ತಿಳಿಸಿದೆ. ಒಂದು ಮಾತೂ ನಡುವೆ ಬೀಳಲಿಲ್ಲ. ಗಾಡಿ ಮುಟ್ಟಿತು, ತೊಟ್ಟಿಯ ಮಂಜು ಅಲುಗಿದ ಸದ್ದು ಕೇಳಿತು. ಬಹಳ ಹೊತ್ತಾದ ಮೇಲೆ ಒಂದು ಒರಟು ದನಿ ತನ್ನ ಹೆಸರು ಮರೆಪ್ಪ ಎಂದು ಹೇಳಿತು. ಹೆಂಡತಿ ಗೊಳೋ ಎಂದು ಅತ್ತಳು.

ಕೋರೆಯವರು ನಿಂತಲ್ಲೇ ನಿಂತಿದ್ದರು. ಒಂದು ಕರೆ ಪೂರಾ ಮುಗಿಸಲಾರದವಳು ಎಂದು ಬರೆದು ಡಬ್ಬಿ ಬಿಚ್ಚಿಸುತ್ತಾರೆ ಎಂದೇ ನಾನು ತಿಳಿದೆ. ಸಣ್ಣ ಕೋಣೆಯ ಬಾಗಿಲು ತೆರೆಯಿತು. ಜಗದೇವಿ ಮುಖ ತೊಳೆದುಕೊಂಡು ಬಂದು, ಕುರ್ಚಿ ಎಳೆದುಕೊಂಡು ಕೂತು, ಹೊಡೆಯುತ್ತಿದ್ದ ಫೋನು ಎತ್ತಿದಳು. ವಿಳಾಸ ಒತ್ತಿದಳು. ಜೇವರ್ಗಿ, ಸಂತೆ ಕಟ್ಟೆ, ಸರಿ. ಅವನು ಹೆಸರು ಹೇಳುವತನಕ ಕೂತು ಕರೆ ಮುಗಿಸಿದಳು.

ಕೋರೆಯವರು ಉಗ್ರಾಣದವನನ್ನು ಕರೆದು ಡಬ್ಬಿಗಳನ್ನು ಬಂದ ಕಡೆಗೇ ವಾಪಸು ಕಳಿಸಲು ಹೇಳಿದರು. ಸಣ್ಣ ಕೋಣೆಗೆ ಇನ್ನೂ ಮೂರು ಮಂಚ ಬೇಕೆಂದರು. ಬಿಲ್ಲೆಗಳನ್ನು ಎಲ್ಲರೂ ಒಟ್ಟಿಗೆ ತೆಗೆದರೆ ಕೋಣೆ ನಿಲ್ಲುತ್ತದೆ, ಇಬ್ಬಿಬ್ಬರಾಗಿ ತೆಗೆಯಬೇಕು, ಇಬ್ಬರು ಎದ್ದು ಬಂದ ಮೇಲೆ ಮತ್ತಿಬ್ಬರು ಎಂದು ಡಾಕ್ಟರು ಹೇಳಿದ್ದಕ್ಕೂ ಒಪ್ಪಿದರು. ಆಮೇಲೆ ಜಗದೇವಿಯ ಮೇಜಿನ ಹತ್ತಿರ ಬಂದು, ನಮ್ಮಿಬ್ಬರಿಗೆ ಮಾತ್ರ ಕಾಣುವ ಹಾಗೆ ಕಿವಿಯ ಮೇಲಿನ ಕೂದಲು ಸರಿಸಿದರು. ಕಿವಿಯ ಹಿಂದೆ, ಕೂದಲ ಕೆಳಗೆ, ಅವರಿಗೂ ಒಂದು ಬಿಲ್ಲೆ ಇತ್ತು. ಅದರ ಸುತ್ತಲಿನ ಚರ್ಮ ಕಪ್ಪಾಗಿತ್ತು.

“ಹಚ್ಕೊಂಡಾಗಿಂದ ತಗದಿಲ್ಲ. ಮೊದಲ್ನೇ ದಿನ ಭಾಳ ತ್ರಾಸ ಆಗ್ತದೇನು, ಜಗದೇವಿ?”

“ಆಗ್ತದ್ರಿ. ಮನ್ಯಾಗ ಯಾರದಾರ?”

ಕೋರೆಯವರು ಯಾರೂ ಇಲ್ಲವೆಂದು ತಲೆಯಾಡಿಸಿದರು. ಜಗದೇವಿ ಸೂರ್ಯಕಾಂತನಿಗೆ ಫೋನು ಮಾಡಿ, ಪಡಸಾಲೆಯಲ್ಲಿ ಹಾಸಿಗೆ ಹಾಸು, ನಮ್ಮ ಸಾಹೇಬರು ಒಂದಷ್ಟು ದಿನ ನಮ್ಮಲ್ಲೇ ಇರುತ್ತಾರೆ ಎಂದಳು. ಜೋಡಿಗೆ ಇನ್ನೊಬ್ಬರು ಬೇಕಿತ್ತು. ನನಗೆ ಹೆದರಿಕೆಯಿತ್ತು, ಆ ಚಮಚ ಎತ್ತಲಾರದ ಕೈ ಕಣ್ಣ ಮುಂದೆ ಬಂತು. ಆದರೆ ಗಾಜಿನ ಆಚೆಯಿಂದ ಎಲ್ಲವನ್ನೂ ಕೇಳಿ ಕೇಳಿ ನನಗೂ ಸಾಕಾಗಿತ್ತು. ನಾನು ಬಿಲ್ಲೆಗೆ ಉಗುರು ಹಾಕಿ ಕಿತ್ತೆ. ಕೋರೆಯವರೂ ಕಿತ್ತರು, ಕೀಳುವಾಗ ಮಗುವಿನ ಹಾಗೆ ಮುಖ ಕಿವುಚಿದರು.

ಬಾಗಿಲ ತನಕ ಹೋಗುವಷ್ಟರಲ್ಲಿ ಮೊದಲ ಸುದ್ದಿ ನನ್ನ ಕಾಲಿನಿಂದ ಬಂತು, ಅಲ್ಲೇ ನೆಲಕ್ಕೆ ಕೂತೆ. ಕೋರೆಯವರು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದರು. ಅಷ್ಟರಲ್ಲಿ ನನ್ನ ಮೇಜಿನ ಫೋನು ಹೊಡೆಯಿತು. ಅಭ್ಯಾಸಬಲ, ಇಬ್ಬರೂ ಏಳಲು ಹೋದೆವು. ಜಗದೇವಿ ಬಂದು ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಸಾಹೇಬರ ಭುಜದ ಮೇಲೆ ಇಟ್ಟು ಒತ್ತಿ ಕೂರಿಸಿದಳು, ಆಮೇಲೆ ಹೋಗಿ ನನ್ನ ಫೋನು ತಾನೇ ಎತ್ತಿಕೊಂಡಳು.